ಹೂ ಬೀಳದ ದಿನ

ಖಣದ ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಅಂಚು ಸವೆದ ಟ್ಯಾರೋ ಕಾರ್ಡುಗಳು, ಮೂರು ತಾಮ್ರದ ನಾಣ್ಯ. ಗೋಕಾಕದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಕಾಕುವಿನವು. ಹೋದ ತಿಂಗಳು ಕಾಕು ತೀರಿಕೊಂಡಳು. ಹುಕ್ಕೇರಿಯಿಂದ ಬಂದು ಮನೆ ಖಾಲಿ ಮಾಡಿದ ಆಕೆಯ ತಂಗಿ ಇದನ್ನು ನನ್ನ ಕೈಗಿಟ್ಟು ಹೋದಳು.

ಕಾಕು ಬಹಳ ವರ್ಷ ಮುಂಬಯಿಯಲ್ಲಿದ್ದು ಬಂದವಳು. ಇವುಗಳಿಂದ ಭವಿಷ್ಯ ನೋಡುವ ವಿದ್ಯೆ ಕಲಿತದ್ದೂ ಅಲ್ಲಿಯೇ. ಕಾರ್ಡು ಯುರೋಪಿನದು, ನಾಣ್ಯ ಎಸೆದು ಆರು ಗೆರೆ ಬರೆಯುವ ಲೆಕ್ಕ ಚೀನಾದ್ದು. ಎರಡಕ್ಕೂ ಏನು ಸಂಬಂಧ ಎಂದು ಕೇಳಿದರೆ ನಗುತ್ತಿದ್ದಳು. “ರಕ್ತಸಂಬಂಧ ಅಲ್ಲ ಯವ್ವಾ, ಬೀಗತನ. ಯಾರೋ ನಡುವ ಕುಂತು ಕೂಡಿಸ್ಯಾರ.” ಕೂಡಿದ ಮೇಲೆ ಇಬ್ಬರ ಗುಣವೂ ಒಂದೇ ಎನ್ನುವಳು: ಎರಡೂ ಹೌದು ಎಂದಾಗಲಿ ಅಲ್ಲ ಎಂದಾಗಲಿ ಹೇಳುವುದಿಲ್ಲ, ಕಾಲ ಎತ್ತ ಹೊರಳುತ್ತಿದೆ ಎಂದಷ್ಟೇ ತೋರಿಸುತ್ತವೆ.

ನಮ್ಮವರಿಗೆ ಇದು ಎಲ್ಲಿ ಹಿಡಿಸಬೇಕು! ನಮಗೆ ದೇವರ ಹೂವಿನ ರೂಢಿ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ, ಅಲ್ಲಿಗೆ ಮುಗಿಯಿತು. ಕಾರ್ಡು ತಲೆಕೆಳಗಾಗಿ ಬಂದರೂ ಎಡಗಡೆ ಹೂ ಬಿದ್ದಂತೆ ಎಂದುಕೊಂಡು ಎದ್ದು ಹೋಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಎರಡೂ ಕಿಡ್ನಿ ಕೆಟ್ಟವು. ನನ್ನದು ಹೊಂದುತ್ತದೆ ಎಂದು ಬೆಳಗಾವಿಯ ಡಾಕ್ಟರರು ಹೇಳಿದ್ದರು. ನಾನು ಕೊಡಲು ತಯಾರು. ಅವ್ವನ ಬಾಯಿಂದ ಮಾತ್ರ ಹೂಂ ಬರಲೊಲ್ಲದು. ಇರುವ ಇಬ್ಬರು ಮಕ್ಕಳನ್ನೂ ಕೂಡಿಯೇ ಕೊಯ್ಯಲು ಕಳಿಸುವುದು ಹೇಗೆ? ಗುಡಿಗೆ ಹೋಗಿ ಹೂ ಕೇಳಿದಳು. ಕುಳಿತೇ ಕುಳಿತೆವು... ಹೂ ಬೀಳಲೇ ಇಲ್ಲ. ಅಣ್ಣನ ಮುಖ ಊದುತ್ತಲೇ ಇತ್ತು, ತಡ ಮಾಡಬೇಡಿ ಎಂದು ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ಅವ್ವ ನನ್ನ ರಟ್ಟೆ ಹಿಡಿದುಕೊಂಡು ಕಾಕುವಿನ ಮನೆಗೆ ನಡೆದಳು.

ಕಾರ್ಡು ತೆಗೆದರೆ, ಕುದುರೆ ಏರಿದ ಅಸ್ಥಿಪಂಜರ, ಸಾವಿನ ಕಾರ್ಡು. ಕಾಕು ಅವಸರದಿಂದ ನಾಣ್ಯ ಎಸೆದು ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯುತ್ತ ಹೋದಳು. ಇಡೀ ಗೆರೆ, ತುಂಡು ಗೆರೆ. ಹೀಗೆ ಬಂದದ್ದಕ್ಕೆ ಚೀನಾದವರು ಚರ್ಮ ಬದಲಾಗುವುದು ಎನ್ನುತ್ತಾರಂತೆ. ಆ ಕಾರ್ಡೂ ಸಾವಲ್ಲ, ಹಳೆಯದು ಕಳಚುವುದು; ಎರಡೂ ಒಂದೇ ಮಾತು ಆಡುತ್ತಿವೆ ಎಂದು ಬಿಡಿಸಿ ಹೇಳಿದಳು.

“ಅದೆಲ್ಲಾ ನನಗ ತಿಳಿಯಂಗಿಲ್ರಿ,” ಎಂದಳು ಅವ್ವ. “ಕಳಸ್ಲ್ಯೋ ಬ್ಯಾಡೋ, ಅಷ್ಟ ಹೇಳ್ರಿ.”

ಯಾರಿಗೂ ಹಾಗೆ ಹೇಳದವಳು ಕಾಕು. ಅವ್ವನ ಮುಖವನ್ನೇ ನೋಡಿದಳು... ಆಮೇಲೆ ಕಾರ್ಡು ಮುಚ್ಚಿಟ್ಟಳು. “ಕಳಸ್ರಿ, ಅಕ್ಕಾರ. ನಾ ಹೇಳೇನಂತ ಕಳಸ್ರಿ.”

ಕಿಡ್ನಿ ಅಣ್ಣನ ಮೈಗೆ ಒಗ್ಗಲಿಲ್ಲ. ಅವನು ಆಸ್ಪತ್ರೆಯಿಂದ ಬದುಕಿ ಬರಲಿಲ್ಲ. ನಾನು ಬಂದೆ.

ಅವ್ವ ಡಾಕ್ಟರರನ್ನು ಬೈಯಲಿಲ್ಲ, ದೇವರನ್ನೂ ಬೈಯಲಿಲ್ಲ. ಬೆಳಗಾದರೆ ಹಿತ್ತಲ ಗೋಡೆಯ ಹತ್ತಿರ ನಿಂತು ಕಾಕುವಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಕಾಕು ಆಚೆ ಪಾತ್ರೆ ತಿಕ್ಕುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನವೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳಲ್ಲ. ನನಗೇ ತಡೆಯಲಾಗದೆ ಒಮ್ಮೆ ಕಾಕುವಿನ ಮೇಲೆಯೇ ಜಗಳಕ್ಕೆ ಹೋದೆ, ಯಾಕೆ ಸುಮ್ಮನೆ ಬೈಸಿಕೊಳ್ಳುತ್ತೀ ಎಂದು.

“ಬೈಲಿ ಬಿಡವಾ,” ಎಂದಳು. “ನನ್ನ ಬಿಟ್ರ ತನ್ನ ತಾನ ಬೈಕೋತಾಳ.”

ಇಷ್ಟು ವರ್ಷ ಆ ಬೈಗುಳ ತಪ್ಪಲಿಲ್ಲ. ಕಾಕುವಿನ ಮಣ್ಣಾದ ಮರುದಿನವೂ ಅವ್ವ ರೂಢಿಯಂತೆ ಗೋಡೆಯ ಹತ್ತಿರ ಹೋದಳು. ಆಚೆ ಯಾರೂ ಇರಲಿಲ್ಲ. ಒಳಗೆ ಬಂದು ನೆಲದ ಮೇಲೆ ಕುಳಿತಳು.

“ನಾನ ಕಳಿಸಿದ್ನಲ್ಲವಾ, ನನ್ನ ಮಗನ್ನ,” ಎಂದಳು.

ಅಂದಿನಿಂದ ಅದೊಂದೇ ಮಾತು... ಈಗಲೂ ಒಳಕೋಣೆಯಿಂದ ಕೇಳುತ್ತಿದೆ. ಆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ಕಾಕು ಇಲ್ಲ.