ಧುಮಾಳ ಗುರುಜಿಯ ಬೀರು

ಸೋಮವಾರ ನನ್ನ ಮಗಳು ಶರಯು ಟ್ಯಾಬಿನ ಪರದೆಯನ್ನು ಮುಟ್ಟುತ್ತಾಳೋ, ಮುಟ್ಟಲು ಹೆದರಿ ಕೈಕಟ್ಟಿ ಕೂರುತ್ತಾಳೋ ಎಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ. ಜೋಳದ ಭಾಕರಿ ತಟ್ಟುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಅಂದು ವಾಯಿ ಪೇಟೆಯಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳಿಗೆ ಟ್ಯಾಬಿನ ಮೇಲೆ ಪರೀಕ್ಷೆ. ಪಾಸಾದರೆ ಅಲ್ಲಿನ ದೊಡ್ಡ ಶಾಲೆಯಲ್ಲಿ ಸೀಟು, ಇಲ್ಲದಿದ್ದರೆ ಇಲ್ಲ.

ನಮ್ಮೂರ ಶಾಲೆಗೂ ಗಣಪತಿ ಹಬ್ಬಕ್ಕೆ ಮೊದಲೇ ಇಪ್ಪತ್ತು ಟ್ಯಾಬು ಬಂದಿವೆ. ಬಂದ ದಿನವೇ ಅರಿಶಿನ-ಕುಂಕುಮ ಹಚ್ಚಿಸಿಕೊಂಡು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಬೀರು ಸೇರಿದವು. ಬೀಗದ ಕೈ ಶಾಲೆಯ ಮಾಸ್ತರರಾದ ಧುಮಾಳ ಗುರುಜಿಯ ಉಡಿದಾರದಲ್ಲಿ.

ಗುರುಜಿಯಷ್ಟು ತರಬೇತಿ ಪಡೆದವರು ಈ ತಾಲ್ಲೂಕಿನಲ್ಲಿಲ್ಲ. ರೇಡಿಯೋ ಪಾಠಕ್ಕೆ ಹೋದರು, ಟಿವಿ ಪಾಠಕ್ಕೆ ಹೋದರು, ಕಂಪ್ಯೂಟರಿಗೆ ಹೋದರು, ಈಗ ಟ್ಯಾಬಿಗೆ. ಹೋದಲ್ಲೆಲ್ಲ ಆ ತರಬೇತಿಯ ಹೆಸರು ಅಚ್ಚು ಹಾಕಿದ ಬಟ್ಟೆ ಚೀಲ ಕೊಟ್ಟಿದ್ದಾರೆ. ಸಂತೆಯ ದಿನ ಅವರ ಸ್ಕೂಟರ್ ನೋಡಬೇಕು: ರೇಡಿಯೋದಲ್ಲಿ ಬದನೆಕಾಯಿ, ಕಂಪ್ಯೂಟರಿನಲ್ಲಿ ಮೆಂತ್ಯ ಸೊಪ್ಪು, ಟ್ಯಾಬಿನ ತುಂಬ ಈರುಳ್ಳಿ. ಕಲಿತ ವಿದ್ಯೆ ವ್ಯರ್ಥವಾಗುವುದಿಲ್ಲ.

ಈಗ ಸುತ್ತಲ ಹಳ್ಳಿಗಳ ಮಾಸ್ತರರಿಗೆ ಅವರೇ ತರಬೇತಿ ಕೊಡುತ್ತಾರೆ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಟ್ಯಾಬು ಬರೆದು. ಮಕ್ಕಳಿಗೆ ಬರೆಯುವ ಪಾಟಿಯೇ ಟ್ಯಾಬು. "ಒಂದ ಬೆರಳು! ಎಡಕ್ಕ ಸರಸ್ರಿ! ಎರಡು ಬೆರಳು! ದೊಡ್ಡದು ಮಾಡ್ರಿ!" ಎಂದು ಮಗ್ಗಿಯ ಹಾಗೆ ಕೂಗಿಸುತ್ತಾರೆ. ಒಬ್ಬಳು ಉಗುಳು ಹಚ್ಚಿ ಪಾಟಿ ಒರೆಸಿದ್ದಕ್ಕೆ, "ಏ ಹುಚ್ಚವ್ವ, ಪರದೆ ಕೆಡತೈತಿ!" ಎಂದು ಗದರಿದರಂತೆ.

ಮನೆಗೆ ಬಂದ ಶರಯು ತಟ್ಟೆಯಲ್ಲಿದ್ದ ಭಾಕರಿಯ ಮೇಲೆ ಎರಡು ಬೆರಳು ಅಗಲಿಸಿದಳು. "ಆಯಿ, ದೊಡ್ಡದಾಗವಲ್ದು."

ಅತ್ತೆ ಇನ್ನೊಂದು ಭಾಕರಿ ಹಾಕಿದರು. "ತಗೋ, ಆತು ದೊಡ್ಡದು."

ನನಗೆ ನಗು ಬರಲಿಲ್ಲ. ಸೀದಾ ಶಾಲೆಗೆ ಹೋದೆ.

"ಗುರುಜಿ, ಒಂದು ದಿನವಾದರೂ ಮಕ್ಕಳ ಕೈಗೆ ಕೊಡಿ."

"ಕೊಟ್ಟೆ ಅನ್ಕೋರಿ ತಾಯಿ. ಬಿತ್ತು. ಒಡೀತು. ಆಮ್ಯಾಲೆ?"

"ಒಡೆಯದ ಹಾಗೆ ನೋಡಿಕೊಳ್ಳಿ."

"ಟಿವಿನೂ ಹಂಗ ನೋಡ್ಕೊಂಡಿದ್ನಿ. ಮಂಗ್ಯಾ ಬಂದು ವಾಯರ ಜಗ್ಗಿ ಕೆಡವಿತು. ಮ್ಯಾಲಿನವರು ವಿಚಾರಣಿಗೆ ಬಂದ್ರು. ಮಂಗ್ಯಾ ಕೆಡವಿತು ಅಂತ ಬರದು ಕೊಟ್ನಿ. ಮಂಗ್ಯಾನ ಸಹಿ ಎಲ್ಲೈತಿ ಅಂದ್ರು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

"ನನ್ನ ಬಡ್ತಿ ಅಲ್ಲೇ ನಿಂತೈತಿ ತಾಯಿ. ನನ್ನ ಕೈಯಾಗ ಕಲತ ಹುಡುಗ್ರು ಹೆಡ್ ಮಾಸ್ತರ ಆಗ್ಯಾರ." ಆಮೇಲೆ ನನ್ನ ಕೈಯತ್ತ ನೋಡಿದರು. "ನಿಮ್ಮ ಹತ್ರನೂ ಒಂದು ಫೋನ್ ಐತಲ್ಲ. ಮಗಳಿಗೆ ಕೊಟ್ಟೀರೇನು?"

"ಕಣ್ಣು ಹಾಳಾಗತ್ತೆ ಅಂತ…"

"ಹಾಂ. ನಿಮಗ ಕಣ್ಣಿನ ಚಿಂತಿ, ನನಗ ನೌಕರಿ ಚಿಂತಿ. ಇಬ್ರೂ ಕೀಲಿ ಹಾಕೀವಿ. ಬೈಯೋದು ಮಾತ್ರ ನನ್ನ ಒಬ್ಬಾಂವನ್ನ."

ಸಿಟ್ಟಿನಿಂದ ಮನೆಗೆ ಬಂದು ಶರಯುವಿನ ಮುಂದೆ ನನ್ನ ಫೋನ್ ಇಟ್ಟೆ. ಬೆರಳು ಪರದೆಯ ತನಕ ಹೋಗಿ ಗಾಳಿಯಲ್ಲೇ ನಿಂತಿತು. "ಒಡದ್ರ?" ಎಂದು ಕೇಳಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಪಾಠ ಚೆನ್ನಾಗಿಯೇ ಆಗಿತ್ತು.

ಅತ್ತೆಗೆ ಎಲ್ಲ ಹೇಳಿದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಲೇ ಅಂದರು: "ಪುಣೇದಾಗ ಕಲತಾಕಿ ನೀನು. ಮಂಗ್ಯಾನ ಸಹಿ ನೀನ ಹಾಕಿಬಿಡು."

ಎದ್ದು ಅಂಗಳಕ್ಕೆ ಹೋಗಿ ಫೋನ್ ಹಚ್ಚಿದೆ.

"ಗುರುಜಿ, ನಾಳೆ ಬೀರು ತೆಗೀರಿ. ಏನೇ ಒಡೆದರೂ ನಾನೇ ಒಡೆದೆ ಅಂತ ಸಹಿ ಮಾಡಿಕೊಡ್ತೀನಿ."

"ಮಂಗ್ಯಾನ ಬದ್ಲಿಗೆ?"

"ಹೂಂ, ಮಂಗ್ಯಾನ ಬದಲಿಗೆ."

ಆ ಕಡೆ ಬೀಗದ ಕೈ ಕಿಣಿಕಿಣಿ ಎಂದಿತು. ಆಮೇಲೆ ಗುರುಜಿ ದನಿ ತಗ್ಗಿಸಿ ಕೇಳಿದರು: "ತಾಯಿ, ಅದಕ್ಕ ಚಾರ್ಜ್ ಹೆಂಗ ಮಾಡ್ತಾರ? ನನಗ ಹಲಗಿ ಮ್ಯಾಲಿಂದಷ್ಟ ಬರತೈತಿ."