ಡೈರಿಯಲ್ಲಿ ನಾನು ಬರೆದ ಎರಡು ಸಾಲು

ಚೆನ್ನೈಯ ರಾಯಪುರದಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು; ಊರು ಉಡುಪಿ ಕಡೆ. ಮಗಳು ಆರನೇ ಕ್ಲಾಸಿಗೆ ಹೋದ ಹೊಸತರಲ್ಲಿ, ಪಕ್ಕದಲ್ಲಿ ಕೂರುವ ಹುಡುಗಿಯ ಡಬ್ಬಿಯಲ್ಲಿ ದಿನಾ ಮೀನು ಎಂದು ತಮಿಳಿನಲ್ಲಿ ದೂರು ತಂದಳು. "ಟೀಚರಿಗೆ ಬರೆದು ಕೊಡು ಮಾರಾಯ್ತಿ, ಅದೆಂತ ದೊಡ್ಡ ವಿಷಯ" ಎಂದರು ಗಂಡ, ಚಟ್ನಿಯ ರುಚಿ ನೋಡುತ್ತಾ. ನಾನು ಶಾಲೆಯ ಡೈರಿಯಲ್ಲಿ ಎರಡು ಸಾಲು ಬರೆದೆ: ನಾವು ಸಸ್ಯಾಹಾರಿಗಳು, ಊಟದ ಹೊತ್ತಿಗೆ ಇಬ್ಬರನ್ನೂ ದಯವಿಟ್ಟು ಬೇರೆ ಬೇರೆ ಕೂರಿಸಿ. ಟೀಚರ್ ಸಹಿ ಹಾಕಿ ಕಳುಹಿಸಿದರು. ನಾನು ಮರೆತೇಬಿಟ್ಟೆ.

ಎರಡು ತಿಂಗಳ ಮೇಲೆ ಹೆಡ್‌ಮಿಸ್ ಕರೆಸಿದರು. ಆ ಹುಡುಗಿ ಒಂದು ವಾರದಿಂದ ಶಾಲೆಗೇ ಬರುತ್ತಿರಲಿಲ್ಲ. ಅವಳನ್ನು ಕಂಡೊಡನೆ ಇಡೀ ಕ್ಲಾಸು ಮೂಗು ಮುಚ್ಚಿಕೊಳ್ಳುತ್ತಿತ್ತಂತೆ, ಶುರು ಮಾಡಿದವಳು ನನ್ನ ಮಗಳಂತೆ. ನಾನು ಜಗಳಕ್ಕೆ ತಯಾರಾಗಿಯೇ ಹೋದೆ. ಬಾಯಿ ತೆರೆಯುವ ಮೊದಲೇ ಕ್ಲಾಸ್ ಟೀಚರ್, "ಮಕ್ಕಳಲ್ವಾ, ತಮಾಷೆ ಮಾಡ್ತಾರೆ" ಎಂದರು. ನನಗೆ ಅರ್ಧ ಸಮಾಧಾನವಾಯಿತು.

ಹುಡುಗಿಯ ತಾಯಿ ಕಾಸಿಮೇಡಿನಲ್ಲಿ ಮೀನು ಮಾರುವವರು. ಬೆಳಗಿನ ವ್ಯಾಪಾರ ಮುಗಿಸಿ ನೇರ ಬಂದಿದ್ದರು. ದನಿ ಏರಿಸದೆ ತಮಿಳಿನಲ್ಲಿ ಕೇಳಿದರು: "ಒಂದು ತಿಂಗಳಿಂದ ಮೀನು ಕಳಿಸ್ತಿಲ್ಲ ಅಕ್ಕಾ. ಬರೀ ಮೊಸರನ್ನ. ಆದ್ರೂ ಯಾರೂ ಹತ್ರ ಕೂರಲ್ಲ. ಮೊದಲು ಊಟದ ಹೊತ್ತಿಗೆ ಅವಳೊಬ್ಬಳನ್ನೇ ವರಾಂಡಕ್ಕೆ ಕಳಿಸಿದ್ದು ಯಾರು?"

"ಇವರು ಬರೆದು ಕೊಟ್ಟಿದ್ರು" ಎಂದರು ಟೀಚರ್, ನನ್ನತ್ತ ನೋಡಿ.

"ಹೊರಗೆ ಕೂರಿಸಿ ಅಂತ ನಾನು ಬರೆಯಲಿಲ್ಲ" ಎಂದೆ ನಾನು.

ಹೀಗೆ ಇಬ್ಬರು ದೊಡ್ಡವರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾ ಕೂತೆವು. ಕೊನೆಗೆ ನನಗೇ ನಾಚಿಕೆಯಾಗಿ, ಮಗಳಿಂದ ಕ್ಷಮೆ ಕೇಳಿಸುತ್ತೇನೆ ಎಂದೆ.

"ಮಗು ಆಮೇಲೆ ಕೇಳ್ಲಿ. ನೀವು ಮಾಡಿದ್ದನ್ನ ನೋಡಿ ತಾನೇ ಅದು ಕಲಿತಿದ್ದು? ಮೊದಲು ನೀವಿಬ್ಬರೂ ಎಲ್ಲಾ ಮಕ್ಕಳ ಎದುರು ಹೇಳಿ. ಹಾಗಾದ್ರೆ ನಾಳೆ ಕಳಿಸ್ತೀನಿ" ಎಂದರು ಆ ತಾಯಿ.

ಮಾರನೆಯ ದಿನ ಹೇಳಿದೆವು. ಹೋಟೆಲಿನಲ್ಲಿ ಗಿರಾಕಿಗಳ ಜೊತೆ ಪಟಪಟ ಹರಿಯುವ ನನ್ನ ತಮಿಳು ಆ ಮಕ್ಕಳ ಮುಂದೆ ತಡವರಿಸಿತು. ಮೀನು ತಿನ್ನುವುದರಲ್ಲಿ ತಪ್ಪಿಲ್ಲ, ತಪ್ಪು ನಾನು ಬರೆದದ್ದು ಎಂದೆ. ಹೊರಗೆ ಕೂರಿಸಿದ್ದು ನನ್ನ ತಪ್ಪು ಎಂದರು ಟೀಚರ್, ಸಣ್ಣ ದನಿಯಲ್ಲಿ. ಮಗಳು ತಲೆ ಎತ್ತಲಿಲ್ಲ. ಸುಳ್ಳೇಕೆ ಹೇಳಲಿ, ಎಲ್ಲರೆದುರು ಒಪ್ಪಿಕೊಂಡೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಎಲ್ಲ ಸರಿಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಆ ಹುಡುಗಿ ಯಾರ ಮುಖವನ್ನೂ ನೋಡದೆ ಎದ್ದು, ಡಬ್ಬಿ ತೆಗೆದುಕೊಂಡು ವರಾಂಡಕ್ಕೆ ಹೊರಟಳು.