ಮೇಡಂ ಅವರ ಸ್ಟೂಲು

ನಮ್ಮ ಸ್ತ್ರೀರೋಗ ವಿಭಾಗದ ದೊಡ್ಡ ಮೇಡಂ ರೌಂಡ್ಸಿಗೆ ಬಂದರೆಂದರೆ ಮೊದಲು ಸ್ಟೂಲು ಎಳೆಯುವ ಸದ್ದು, ಆಮೇಲೆ ಅವರ ದನಿ. ಇಡೀ ಮೆಡಿಕಲ್ ಕಾಲೇಜಿನಲ್ಲಿ ಹಾಸಿಗೆಯ ಪಕ್ಕ ಕೂತು ಮಾತಾಡುತ್ತಿದ್ದ ಪ್ರೊಫೆಸರ್ ಅವರೊಬ್ಬರೇ. "ತಲೆ ಮೇಲೆ ನಿಂತ್ಕೊಂಡು ಕೇಳಿದ್ರೆ ಯಾರು ತಾನೇ ನಿಜ ಹೇಳ್ತಾರೆ?" ಎಂದು ನಮ್ಮನ್ನು ಗದರುತ್ತಿದ್ದರು. ಒಂದು ಕಾಲು ಕುಂಟುತ್ತಿದ್ದ ಆ ಮರದ ಸ್ಟೂಲಿಗೆ ನಮ್ಮೆಲ್ಲರಿಗಿಂತ ಹೆಚ್ಚು ಡಾಕ್ಟರಿಕೆ ಗೊತ್ತೆಂದು ವಾರ್ಡಿನ ಆಯಾ ಹೇಳುತ್ತಿದ್ದಳು. ಕೇಸ್ ಶೀಟಿನಲ್ಲಿ ಯಾರಾದರೂ 'ತೊಂದರೆ ಏನಿಲ್ಲ' ಎಂದು ಬರೆದಿದ್ದರೆ ಮುಗಿಯಿತು, ಮೇಡಂ ಕನ್ನಡಕ ಹಣೆಗೇರುತ್ತಿತ್ತು. "ಏನಿಲ್ಲ ಅಂದ್ರೆ ಅಲ್ಲಿಂದಾನೇ ಶುರು ಕಣಮ್ಮ. ಹೋಗು, ಕೂತು ಕೇಳು." ಹಾಗೆ 'ಏನಿಲ್ಲ' ಎಂದ ಐನೂರು ಹೆಂಗಸರನ್ನೇ ಹುಡುಕಿ ಅವರು ಸಂಶೋಧನೆಗೆ ಕೂತಾಗ, ಅದಕ್ಕೆ ಒಪ್ಪಿಗೆ ಕೊಡಬೇಕಿದ್ದ ಕಾಲೇಜು ಸಮಿತಿಯ ಹಿರಿಯರು ಮುಸಿಮುಸಿ ನಕ್ಕರಂತೆ. ಆ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದರೆಂದು ಮೇಡಂ ತೋರಿಸಿಕೊಟ್ಟ ಮೇಲೆ ಆ ನಗು ಅಲ್ಲೇ ಇಂಗಿಹೋಯಿತು. ಅವರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹೋದ ತಿಂಗಳು ಅದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಮೇಡಂ ರೋಗಿಯಾಗಿ ಬಂದರು. ಹನ್ನೆರಡು ವಿದ್ಯಾರ್ಥಿಗಳನ್ನು ಬೆನ್ನಿಗಿಟ್ಟುಕೊಂಡು ನಿಂತು, "ಏನಾಗ್ತಿದೆ ಮೇಡಂ?" ಎಂದು ಕೇಳಿದೆ. ತಲೆಯೆತ್ತಿ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಹೊದಿಕೆ ಸರಿಮಾಡಿಕೊಂಡು, "ಏನಿಲ್ಲ ಬಿಡಮ್ಮ" ಎಂದರು. ನಾನು ಸ್ಟೂಲಿಗಾಗಿ ಸುತ್ತ ನೋಡಿದೆ. ಇಡೀ ವಾರ್ಡಿನಲ್ಲಿ ಒಂದೂ ಇರಲಿಲ್ಲ.